ದೂರದ ಗೆಳೆಯರ ಹೆಸರು ಹೊತ್ತ ಬೆಟ್ಟ

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಜನರಿಗೆ ಕುಂತಿಬೆಟ್ಟ ಹೊಸದಲ್ಲ. ವನವಾಸದ ಕಾಲದಲ್ಲಿ ಪಾಂಡವರು ತಾಯಿ ಕುಂತಿಯೊಡನೆ ಇಲ್ಲಿ ತಂಗಿದ್ದರೆಂಬ ಸ್ಥಳಪುರಾಣವನ್ನು ಈ ಭಾಗದ ಮಕ್ಕಳೂ ಬಲ್ಲರು. ಆದರೆ ತಾಲ್ಲೂಕು ಕೇಂದ್ರಕ್ಕೆ ಪಾಂಡವಪುರವೆಂಬ ಹೆಸರು ಬರುವ ಮೊದಲು ಅದು ಹಿರೋಡೆ. ಇಂಗ್ಲಿಷರ ನಕ್ಷೆಗಳಲ್ಲಿ ‘ಫ್ರೆಂಚ್ ರಾಕ್ಸ್’, ಅಂದರೆ ಫ್ರೆಂಚರ ಬಂಡೆಗಳು. ಕಾವೇರಿ ಸೀಮೆಯ ಈ ಬಂಡೆಗಳಿಗೆ ಏಳು ಕಡಲಿನಾಚೆಯ ಫ್ರಾನ್ಸಿನ ಹೆಸರು ಅಂಟಿಕೊಂಡದ್ದು ಹೇಗೆ?

ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರ ಬಿಡಾರ ಇಲ್ಲಿತ್ತು. ರಾಜಧಾನಿ ಶ್ರೀರಂಗಪಟ್ಟಣ ಇಲ್ಲಿಂದ ಕೆಲವೇ ಮೈಲಿ. ಇಂಗ್ಲಿಷರು ಮೈಸೂರಿಗೂ ವೈರಿ, ಫ್ರಾನ್ಸಿಗೂ ವೈರಿ. ವೈರಿಯ ವೈರಿ ಮಿತ್ರನೆಂಬ ಹಳೆಯ ನೀತಿಯೇ ಈ ಗೆಳೆತನದ ಬುನಾದಿ. ಆ ಗೆಳೆತನ ಎಷ್ಟು ದೂರ ಬಂತು, ಎಲ್ಲಿ ಕೈಕೊಟ್ಟಿತು ಎಂಬುದು ಇಂದಿಗೂ ಪಾಠವಾಗಬಲ್ಲ ಕತೆ.

ಸುದ್ದಿ ತಲುಪದ ಸಂಧಿ

ಎರಡನೆಯ ಮೈಸೂರು ಯುದ್ಧದ ಕಾಲ. 1782ರಲ್ಲಿ ಫ್ರೆಂಚ್ ನೌಕಾಪತಿ ಸಫ್ರೆನ್ ತನ್ನ ಹಡಗುಗಳೊಂದಿಗೆ ಪೂರ್ವ ಕರಾವಳಿಗೆ ಬಂದ. ಇಂಗ್ಲಿಷ್ ನೌಕಾಪಡೆಯ ಮೇಲೆ ಒಂದಾದ ಮೇಲೊಂದು ಕದನ ನಡೆಸಿದ. ಆ ವರ್ಷದ ಜುಲೈ ತಿಂಗಳಿನಲ್ಲಿ ಹೈದರಾಲಿಯನ್ನು ಕಡಲೂರಿನ ಬಳಿ ಭೇಟಿಯಾದ. ಡಿಸೆಂಬರ್ ತಿಂಗಳಿನಲ್ಲಿ ಹೈದರ್ ತೀರಿಕೊಂಡ. ಫ್ರೆಂಚ್ ಸೇನಾನಿ ಬುಸ್ಸಿ ಬಂದಿಳಿದದ್ದು 1783ರ ಮಾರ್ಚ್‌ನಲ್ಲಿ. ಬರಬೇಕಾಗಿದ್ದ ಸಹಾಯ ಬಂತು, ಆದರೆ ಕರೆದವನು ಇರಲಿಲ್ಲ.

ಅಷ್ಟರಲ್ಲಿ ಯೂರೋಪಿನಲ್ಲಿ ಬೇರೆಯೇ ಆಟ ನಡೆದಿತ್ತು. 1783ರ ಜನವರಿಯಲ್ಲಿಯೇ ಇಂಗ್ಲೆಂಡ್ ಮತ್ತು ಫ್ರಾನ್ಸ್ ಪ್ರಾಥಮಿಕ ಸಂಧಿಗೆ ಸಹಿ ಹಾಕಿದ್ದವು. ಆ ಸುದ್ದಿ ಇಲ್ಲಿಗೆ ಮುಟ್ಟಿದ್ದು ಜೂನ್ ಕೊನೆಗೆ. ಅದಕ್ಕೂ ಕೆಲವು ದಿನ ಮೊದಲು, ಜೂನ್ 20ರಂದು, ಕಡಲೂರಿನ ಮುಂದೆ ಎರಡೂ ನೌಕಾಪಡೆಗಳು ಕಾದಾಡಿದ್ದವು! ತಮ್ಮ ರಾಜರುಗಳು ಕೈಕುಲುಕಿ ಐದು ತಿಂಗಳಾಗಿದೆಯೆಂದು ಆ ನಾವಿಕರಿಗೆ ಗೊತ್ತಿರಲಿಲ್ಲ.

ಟಿಪ್ಪು ಆಗ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದ. ಸಂಧಿಯ ಸುದ್ದಿ ಬಂದೊಡನೆ ಅವನ ಜೊತೆಗಿದ್ದ ಫ್ರೆಂಚ್ ತುಕಡಿ ಮುತ್ತಿಗೆಯಿಂದ ಹಿಂದೆ ಸರಿಯಿತು. ಕೋಟೆ ಕೈಸೇರಲು 1784ರ ಜನವರಿಯವರೆಗೆ ಕಾಯಬೇಕಾಯಿತು. ಈ ಗಾಯ ಟಿಪ್ಪುವಿನ ಮನಸ್ಸಿನಲ್ಲಿ ಉಳಿಯಿತು. ಆದರೂ ಆತ ಫ್ರಾನ್ಸಿನ ಕೈ ಬಿಡಲಿಲ್ಲ. ಬಿಟ್ಟರೆ ಬೇರೆ ಯಾರಿದ್ದರು?

ಹನ್ನೊಂದು ತಿಂಗಳ ಪಯಣ

1787ರ ಜುಲೈನಲ್ಲಿ ಮೈಸೂರಿನ ಮೂವರು ರಾಯಭಾರಿಗಳು ಪಾಂಡಿಚೇರಿಯಿಂದ ಹಡಗು ಹತ್ತಿದರು. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಅವರ ಹೆಸರುಗಳು. ಫ್ರಾನ್ಸಿನ ತೂಲಾನ್ ಬಂದರು ಮುಟ್ಟಿದ್ದು 1788ರ ಜೂನ್‌ನಲ್ಲಿ. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ದೊರೆ ಅವರನ್ನು ಬರಮಾಡಿಕೊಂಡ. ಸತ್ಕಾರಕ್ಕೆ ಕೊರತೆಯಾಗಲಿಲ್ಲ. ಪ್ಯಾರಿಸಿನ ಜನ ಮುಗಿಬಿದ್ದು ನೋಡಿದರು. ಆದರೆ ಸೈನ್ಯ ಕೇಳಿದಾಗ ದೊರೆ ಒಪ್ಪಲಿಲ್ಲ. ಫ್ರಾನ್ಸಿನ ಬೊಕ್ಕಸ ಬರಿದಾಗಿತ್ತು. ಮರುವರ್ಷವೇ ಅಲ್ಲಿ ಮಹಾಕ್ರಾಂತಿ ಸಿಡಿಯಿತು.

ರಾಯಭಾರಿಗಳ ಜೊತೆ ಬಂದವರು ಸೈನಿಕರಲ್ಲ, ಕುಶಲಕರ್ಮಿಗಳು. ಟಿಪ್ಪು ಕೇಳಿದ್ದವರಲ್ಲಿ ಬಂದೂಕು ಮಾಡುವವರು, ಗಡಿಯಾರ ಮಾಡುವವರು, ಪಿಂಗಾಣಿಯವರು ಇದ್ದರು. ಇಂಗ್ಲಿಷರಿಂದ ಸಿದ್ಧ ಸರಕು ಕೊಳ್ಳುವ ಬದಲು ಅದನ್ನು ಇಲ್ಲಿಯೇ ತಯಾರಿಸಬೇಕೆಂಬ ಹಂಬಲ ಅವನದು.

ಮೂರನೆಯ ಯುದ್ಧದಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಒಟ್ಟಾಗಿ ಬಂದಾಗ ಫ್ರಾನ್ಸಿನ ಸಹಾಯ ಸಿಗಲಿಲ್ಲ. 1792ರ ಫೆಬ್ರವರಿ 5ರಂದು ಕಾರ್ನ್‌ವಾಲಿಸನ ಸೇನೆ ಬೀಡುಬಿಟ್ಟದ್ದು ಎಲ್ಲಿ ಗೊತ್ತೇ? ಇದೇ ಫ್ರೆಂಚ್ ರಾಕ್ಸ್‌ನಲ್ಲಿ! ಗೆಳೆಯರ ಹೆಸರಿನ ಬೆಟ್ಟದ ತಪ್ಪಲಿನಿಂದಲೇ ವೈರಿಗಳು ಮರುದಿನ ರಾತ್ರಿ ರಾಜಧಾನಿಯ ಮೇಲೆ ದಾಳಿಗೆ ಹೊರಟರು. ಸೋತ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿ ದಂಡವನ್ನೂ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ.

ಕೇಳಿದ್ದು ಸೈನ್ಯ, ಬಂದದ್ದು ನೂರು ಮಂದಿ

1798ರ ಆರಂಭದಲ್ಲಿ ಟಿಪ್ಪುವಿನ ದೂತರು ಗುಟ್ಟಾಗಿ ಮಾರಿಷಸ್ ದ್ವೀಪಕ್ಕೆ ಹೋದರು. ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ಟಿಕ್ ಗುಟ್ಟನ್ನು ಗುಟ್ಟಾಗಿಡುವ ಬದಲು, ಟಿಪ್ಪುವಿನ ಸೈನ್ಯಕ್ಕೆ ಸೇರಬನ್ನಿ ಎಂದು ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿದ. ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ ಮಾತ್ರ. ಪ್ರಕಟಣೆಯ ಪ್ರತಿ ಕಲ್ಕತ್ತೆ ಮುಟ್ಟಿತು. ಯುದ್ಧಕ್ಕೆ ಕಾರಣ ಹುಡುಕುತ್ತಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಇದಕ್ಕಿಂತ ಬೇರೆ ನೆಪ ಬೇಕೆ? ಗೆಳೆಯನ ಬಾಯಿಬಡುಕತನ ವೈರಿಯ ಫಿರಂಗಿಯಷ್ಟೇ ಅಪಾಯ.

ಅದೇ ವರ್ಷ ನೆಪೋಲಿಯನ್ ಈಜಿಪ್ಟಿಗೆ ಬಂದ. ಆಗಸ್ಟ್ 1ರಂದು ನೆಲ್ಸನ್ ಅವನ ನೌಕಾಪಡೆಯನ್ನು ನಾಶಮಾಡಿದ. ಹಡಗಿಲ್ಲದ ನೆಪೋಲಿಯನ್ 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದು, ಇಂಗ್ಲಿಷರಿಂದ ಬಿಡುಗಡೆ ಮಾಡಿಸುವ ಭರವಸೆ ಕೊಟ್ಟ. ಪತ್ರ ದಾರಿಯಲ್ಲಿಯೇ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಕೋಟೆಯೊಳಗೆ ಹೋರಾಡುತ್ತಲೇ ಮಡಿದ.

ಉಳಿದದ್ದು ಯಾವುದು?

ಮೈಸೂರಿನ ಅಸ್ತ್ರಗಳಲ್ಲಿ ಲೋಕವೇ ನೆನಪಿಟ್ಟುಕೊಂಡದ್ದು ಹೊರಗಿನಿಂದ ಬಂದುದಲ್ಲ, ಇಲ್ಲಿಯೇ ಮಾಡಿದ ರಾಕೆಟ್ಟು. ಮದ್ದನ್ನು ಕಾಗದದ ಅಥವಾ ಬಿದಿರಿನ ಕೊಳವೆಗೆ ತುಂಬಿದರೆ, ಹೊತ್ತಿದಾಗ ಹುಟ್ಟುವ ಅನಿಲದ ಒತ್ತಡ ಹೆಚ್ಚಾದಾಗ ಕೊಳವೆ ಒಡೆದುಹೋಗುತ್ತದೆ. ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡ ತಾಳುತ್ತದೆ. ಅನಿಲ ರಭಸದಿಂದ ಹಿಂದಕ್ಕೆ ನುಗ್ಗುತ್ತದೆ, ರಾಕೆಟ್ಟು ಅಷ್ಟೇ ಬಲದಿಂದ ಮುಂದಕ್ಕೆ ಹಾರುತ್ತದೆ. ದಿಕ್ಕು ತಪ್ಪದಿರಲು ಬಿದಿರಿನ ಬಾಲ, ನಮ್ಮ ದೀಪಾವಳಿಯ ರಾಕೆಟ್ಟಿನ ಕಡ್ಡಿಯಂತೆ. ಇದನ್ನು ಕಂಡು ಕಲಿತ ಇಂಗ್ಲೆಂಡಿನ ಕಾಂಗ್ರೀವ್ ತನ್ನದೇ ರಾಕೆಟ್ಟು ರೂಪಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಅದು ಸುರಿಯಿತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಪಾಳುಬಾವಿಯೊಂದರಲ್ಲಿ ಆ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು.

ಸ್ವತಂತ್ರ ಭಾರತ ಮತ್ತೆ ಫ್ರಾನ್ಸಿನ ಗೆಳೆತನ ಬೆಳೆಸಿತು. ಈ ಬಾರಿ ಸರಕಿನ ಜೊತೆಗೆ ವಿದ್ಯೆಯನ್ನೂ ಕೇಳಿತು. 1962ರ ಪರವಾನಗಿ ಒಪ್ಪಂದದಿಂದ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫ್ರೆಂಚ್ ವಿನ್ಯಾಸದ ಹೆಲಿಕಾಪ್ಟರ್ ‘ಚೇತಕ್’ ಎಂಬ ಹೆಸರಿನಲ್ಲಿ ತಯಾರಾಯಿತು. ನಮ್ಮದೇ ವಿನ್ಯಾಸದ ‘ಧ್ರುವ’ ಹೆಲಿಕಾಪ್ಟರಿನ ‘ಶಕ್ತಿ’ ಎಂಜಿನ್ ಎರಡೂ ದೇಶಗಳ ಕಂಪೆನಿಗಳು ಕೂಡಿ ರೂಪಿಸಿದ್ದು. 1974ರ ಒಪ್ಪಂದದಂತೆ ಇಸ್ರೋ ವಿಜ್ಞಾನಿಗಳು ಫ್ರಾನ್ಸಿಗೆ ಹೋಗಿ ಅವರ ‘ವೈಕಿಂಗ್’ ರಾಕೆಟ್ ಎಂಜಿನ್ನಿನ ಕೆಲಸದಲ್ಲಿ ಕೈಜೋಡಿಸಿದರು. ಆ ಕಲಿಕೆಯಿಂದ ‘ವಿಕಾಸ್’ ಎಂಜಿನ್ ಬಂತು. 2023ರ ಜುಲೈನಲ್ಲಿ ಚಂದ್ರಯಾನ-3 ಹೊತ್ತ ರಾಕೆಟ್ಟಿನಲ್ಲಿಯೂ ಅದು ಉರಿಯಿತು.

ಕೊಂಡದ್ದೂ ಉಂಟು. 1985ರಲ್ಲಿ ಬಂದ ಮಿರಾಜ್ ವಿಮಾನಗಳು 1999ರ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಮೇಲೆ ಬಾಂಬು ಹಾಕಿದವು. ಶ್ರೀರಂಗಪಟ್ಟಣ ಬಿದ್ದು ಆಗ ಸರಿಯಾಗಿ ಇನ್ನೂರು ವರ್ಷ. 1998ರಲ್ಲಿ ಪೋಖ್ರಾನ್ ಅಣುಪರೀಕ್ಷೆಯ ನಂತರ ಅಮೆರಿಕ, ಜಪಾನ್ ಮೊದಲಾದ ದೇಶಗಳು ನಿರ್ಬಂಧ ಹೇರಿದಾಗ ಫ್ರಾನ್ಸ್ ಹೇರಲಿಲ್ಲ. 2016ರ ಒಪ್ಪಂದದಂತೆ 36 ರಫೇಲ್ ವಿಮಾನಗಳೂ ಬಂದವು.

ಇಂದು ಸುದ್ದಿಗೆ ಐದು ತಿಂಗಳು ಬೇಡ, ಐದು ಸೆಕೆಂಡು ಸಾಕು. ಆದರೂ ಒಂದು ಮಾತು ಬದಲಾಗಿಲ್ಲ. ಪ್ರತಿ ದೇಶವೂ ಮೊದಲು ನೋಡಿಕೊಳ್ಳುವುದು ತನ್ನ ಮನೆಯ ಹಿತವನ್ನು. 1783ರಲ್ಲಿ ಫ್ರಾನ್ಸ್ ಮಾಡಿದ್ದೂ ಅದನ್ನೇ. ಗೆಳೆಯನ ಸೈನ್ಯ ಒಂದು ದಿನ ಬಿಡಾರ ಕಿತ್ತು ಹೋಗಬಹುದು, ಅವನಿಂದ ಕಲಿತ ವಿದ್ಯೆ ಹೋಗುವುದಿಲ್ಲ. ಕುಂತಿಬೆಟ್ಟದ ಬುಡದಿಂದ ಫ್ರೆಂಚರು ಹೋಗಿ ಇನ್ನೂರು ವರ್ಷ ಮೀರಿತು. ಊರಿನ ಹೆಸರೂ ಬದಲಾಯಿತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ; ಈ ಬೆಟ್ಟವನ್ನಾದರೂ ಹತ್ತಿರ ನಿಂತು ನೋಡಿದವರಿಗೆ ಅದರ ಒರಟು ಗೊತ್ತು.