ಗೇಮ್ ಐಕಾನ್‌ನಲ್ಲಿ ಕಿರುಚುವ ಮುಖ ಇದ್ದರೆ ಡೌನ್‌ಲೋಡ್ ಹೆಚ್ಚುತ್ತದೆಯೇ?

ಪ್ಲೇ ಸ್ಟೋರ್ ತೆರೆದು ಗೇಮ್‌ಗಳ ಪಟ್ಟಿಯನ್ನು ಒಮ್ಮೆ ಸರಿಸಿ ನೋಡಿ. ಬಾಯಿ ತೆರೆದು ಕಿರುಚುವ ಸೈನಿಕ, ಹಲ್ಲು ಕಚ್ಚಿ ಗುರಾಯಿಸುವ ಪ್ರಾಣಿ, ಹಿಂದೆ ಹಳದಿ, ಕೆಂಪು ಬೆಳಕು. ಬೇರೆ ಬೇರೆ ಕಂಪನಿಗಳ ಗೇಮ್‌ಗಳಾದರೂ ಎಷ್ಟೋ ಐಕಾನ್‌ಗಳು ಅಣ್ಣತಮ್ಮಂದಿರಂತೆ ಕಾಣುತ್ತವೆ. ಇದನ್ನು ನೋಡಿಯೇ ಹುಟ್ಟಿದ ಸಲಹೆಗಳೂ ಓಡಾಡುತ್ತಿವೆ: ಕಿರುಚುವ ಮುಖ ಹಾಕಿ, ಕೆಂಪು ಬಣ್ಣ ಬಳಿಯಿರಿ, ಡೌನ್‌ಲೋಡ್ ತಾನಾಗಿಯೇ ಬರುತ್ತದೆ. ಇದರಲ್ಲಿ ನಿಜ ಎಷ್ಟು?

ಮುಖಗಳು ನಮ್ಮ ಗಮನ ಸೆಳೆಯುತ್ತವೆ ಎಂಬುದು ನಿಜ. ಆದರೆ ಎಲ್ಲ ಗೇಮ್‌ಗಳಿಗೂ ಹೊಂದುವ ಒಂದು ಮುಖ, ಒಂದು ಬಣ್ಣ ಅಂತ ಇಲ್ಲ. ಚಿಕ್ಕ ಗಾತ್ರದಲ್ಲೂ ಅರ್ಥವಾಗುವ, ಒಳಗಿರುವ ಆಟವನ್ನೇ ಹೇಳುವ ಚಿತ್ರ ಗೆಲ್ಲುತ್ತದೆ. ಹೇಗೆ ಅಂತ ನೋಡೋಣ.

ಮೊದಲು ಒಂದು ಫಾರ್ವರ್ಡ್

"ಮಿದುಳು ಅಕ್ಷರಗಳಿಗಿಂತ ಚಿತ್ರಗಳನ್ನು 60,000 ಪಟ್ಟು ವೇಗವಾಗಿ ಗ್ರಹಿಸುತ್ತದೆ" ಎಂಬ ಮಾತನ್ನು ನೀವೂ ಓದಿರಬಹುದು. ವಿನ್ಯಾಸದ ಪಾಠಗಳಲ್ಲಿ ಇದು ವರ್ಷಗಳಿಂದ ಸುತ್ತುತ್ತಿದೆ. ಇದರ ಮೂಲ ಹುಡುಕಿದವರಿಗೆ ಯಾವ ಸಂಶೋಧನೆಯೂ ಸಿಕ್ಕಿಲ್ಲ.

ಸಂಶೋಧನೆ ಹೇಳುವುದು ಬೇರೆ. ಅಮೆರಿಕದ ಎಂಐಟಿಯ ವಿಜ್ಞಾನಿಗಳು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದರ ಹಿಂದೆ ಒಂದರಂತೆ ಚಿತ್ರಗಳನ್ನು ತಲಾ 13 ಮಿಲಿಸೆಕೆಂಡ್ ಮಾತ್ರ ತೋರಿಸಿದರೂ, ಕೇಳಿದ ಚಿತ್ರ ಅದರಲ್ಲಿತ್ತೇ ಎಂಬುದನ್ನು ಜನ ಬರೀ ಊಹೆಗಿಂತ ಚೆನ್ನಾಗಿ ಹೇಳಬಲ್ಲವರಾಗಿದ್ದರು. ಅಂದರೆ ಚಿತ್ರದ ಒಟ್ಟು ಸಾರ ಬಹಳ ಬೇಗ ಸಿಗುತ್ತದೆ. ಅದು ಅಕ್ಷರಕ್ಕಿಂತ ಎಷ್ಟು ಪಟ್ಟು ವೇಗ ಎಂದು ಆ ಅಧ್ಯಯನ ಹೇಳುವುದಿಲ್ಲ.

ಹೆಬ್ಬೆರಳಿನ ಉಗುರಿನಷ್ಟು ಜಾಗ

ಥಂಬ್‌ನೇಲ್ ಎಂದರೆ ಹೆಬ್ಬೆರಳಿನ ಉಗುರು. ಹೆಸರು ಸುಮ್ಮನೆ ಬಂದಿಲ್ಲ. ಪ್ಲೇ ಸ್ಟೋರ್‌ಗೆ ಐಕಾನ್ ಕೊಡುವಾಗ 512×512 ಪಿಕ್ಸೆಲ್‌ನ ಚಿತ್ರ ಕೊಡಬೇಕು. ಕಂಪ್ಯೂಟರ್ ಪರದೆಯ ಮೇಲೆ ಅದು ಅಂಗೈಯಷ್ಟು ದೊಡ್ಡದಾಗಿ, ಚೆಂದವಾಗಿ ಕಾಣುತ್ತದೆ. ಫೋನಿನ ಪಟ್ಟಿಯಲ್ಲಿ ಅದೇ ಚಿತ್ರ ಉಗುರಿನಷ್ಟಾಗುತ್ತದೆ. ಕಂಪ್ಯೂಟರ್ ಗೇಮ್‌ಗಳ ಸ್ಟೀಮ್ ಅಂಗಡಿಯಲ್ಲಿ ಚಿಕ್ಕ ಚಿತ್ರವನ್ನು ಕೆಲವೆಡೆ 120×45 ಪಿಕ್ಸೆಲ್‌ಗೆ ಇಳಿಸಿ ತೋರಿಸಲಾಗುತ್ತದೆ.

ಇದಕ್ಕೆ ನಮ್ಮ ಕಣ್ಣಿನ ಮಿತಿಯೂ ಸೇರುತ್ತದೆ. ಕೈಯನ್ನು ಮುಂದೆ ಚಾಚಿ ಹೆಬ್ಬೆರಳು ನೋಡಿ. ಸುಮಾರು ಅದರ ಅಗಲದಷ್ಟು ಜಾಗವನ್ನು ಮಾತ್ರ ಕಣ್ಣು ಒಂದು ಕ್ಷಣಕ್ಕೆ ತೀರಾ ಸ್ಪಷ್ಟವಾಗಿ ಕಾಣುತ್ತದೆ. ಉಳಿದದ್ದೆಲ್ಲ ಮಸುಕು. ಪಟ್ಟಿ ಸರಿಸುವಾಗ ಹೆಚ್ಚಿನ ಐಕಾನ್‌ಗಳು ಈ ಮಸುಕಿನಲ್ಲೇ ಹಾದುಹೋಗುತ್ತವೆ. ಅಲ್ಲಿ ಕಣ್ಣಿಗೆ ಸಿಗುವುದು ದೊಡ್ಡ ಆಕಾರ ಮತ್ತು ಬೆಳಕು ಕತ್ತಲೆಯ ವ್ಯತ್ಯಾಸ. ಕಷ್ಟಪಟ್ಟು ಬಿಡಿಸಿದ ಬಟ್ಟೆಯ ಮಡಿಕೆ, ಕತ್ತಿಯ ಕೆತ್ತನೆ ಯಾವುದೂ ಕಾಣುವುದಿಲ್ಲ.

2009ರಲ್ಲಿ ಬಂದ ಆಂಗ್ರಿ ಬರ್ಡ್ಸ್ ಗೇಮ್‌ನ ಐಕಾನ್ ನೆನಪಿಸಿಕೊಳ್ಳಿ. ಕೆಂಪು ಹಕ್ಕಿಯ ಮುಖ, ದಪ್ಪ ಕಪ್ಪು ಹುಬ್ಬು. ಹಕ್ಕಿ ಇದೆ, ಅದಕ್ಕೆ ಸಿಟ್ಟು ಬಂದಿದೆ ಎಂಬ ಎರಡೂ ಸಂಗತಿ ಒಂದೇ ನೋಟಕ್ಕೆ ತಿಳಿಯುತ್ತವೆ. ಆ ಗೇಮ್‌ಗೆ ಸಿಟ್ಟಿನ ಮುಖ ಹೊಂದಿತು, ಏಕೆಂದರೆ ಸಿಟ್ಟೇ ಅದರ ಕಥೆ.

ಚೌಕಾಬಾರಕ್ಕೆ ಯಾವ ಚಿತ್ರ?

ನೀವೇ ಒಂದು ಚೌಕಾಬಾರ ಗೇಮ್ ಮಾಡಿದ್ದೀರಿ ಎಂದುಕೊಳ್ಳಿ. ಇಡೀ ಮಣೆ, 25 ಮನೆ, ನಾಲ್ಕು ಬಣ್ಣದ ಕಾಯಿ, ಮೇಲೆ ಗೇಮ್‌ನ ಹೆಸರು, ಎಲ್ಲವನ್ನೂ ಐಕಾನ್‌ಗೆ ತುಂಬುವ ಆಸೆ ಸಹಜ. ಉಗುರಿನ ಗಾತ್ರಕ್ಕೆ ಇಳಿಸಿದರೆ ಅದು ಕಲಸುಮೇಲೋಗರ. ಅದರ ಬದಲು ಗುಣಾಕಾರದ ಗುರುತಿನ ಒಂದೇ ಮನೆ, ಅದರ ಮೇಲೆ ದೊಡ್ಡದಾಗಿ ಕವಡೆ. ಚೌಕಾಬಾರ ಆಡಿದವರಿಗೆ ಅಷ್ಟು ಸಾಕು. ಇಲ್ಲಿ ಕಿರುಚುವ ಮುಖ ಹಾಕಿದರೆ ಯುದ್ಧದ ಗೇಮ್ ಹುಡುಕುವವರು ಬಂದು, ನೋಡಿ, ಅಳಿಸಿಹಾಕಿ ಹೋಗುತ್ತಾರೆ. ಅಜ್ಜಿ ಮನೆಯ ಆಟ ಹುಡುಕುತ್ತಿದ್ದವರು ಮುಟ್ಟದೆಯೇ ಮುಂದೆ ಸಾಗುತ್ತಾರೆ.

ಬಣ್ಣದ ವಿಷಯವೂ ಹೀಗೆಯೇ. ಸುತ್ತ ಇರುವ ಐಕಾನ್‌ಗಳೆಲ್ಲ ಕೆಂಪಾಗಿದ್ದರೆ ನಿಮ್ಮ ಕೆಂಪು ಅದರಲ್ಲಿ ಕರಗಿಹೋಗುತ್ತದೆ. ಚಿತ್ರವನ್ನು ಒಮ್ಮೆ ಕಪ್ಪುಬಿಳುಪು ಮಾಡಿ ನೋಡಿ. ಆಗಲೂ ಆಕಾರ ಎದ್ದು ಕಂಡರೆ, ಕೆಂಪು ಹಸಿರಿನ ವ್ಯತ್ಯಾಸ ಕಾಣದ ದೃಷ್ಟಿದೋಷ ಇರುವವರಿಗೂ ಅದು ಕಾಣುತ್ತದೆ.

ಹೆಸರು ಬೇಕೇ? ಪ್ಲೇ ಸ್ಟೋರ್‌ನಲ್ಲಿ ಐಕಾನ್ ಜೊತೆಗೇ ಗೇಮ್‌ನ ಹೆಸರು ಬರುವುದರಿಂದ ಚಿತ್ರದೊಳಗೆ ಮತ್ತೆ ಬರೆಯುವ ಅಗತ್ಯವಿಲ್ಲ. ಸ್ಟೀಮ್‌ನಲ್ಲಿ ಹಾಗಲ್ಲ, ಅಲ್ಲಿನ ಚಿತ್ರದೊಳಗೆ ಹೆಸರು ಇರಲೇಬೇಕು, ದೊಡ್ಡದಾಗಿರಬೇಕು. ಕನ್ನಡದಲ್ಲಿ ಬರೆಯುವವರು ಒಂದು ವಿಷಯ ಗಮನಿಸಬೇಕು: ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಚಿಕ್ಕದಾದಾಗ ಮೊದಲು ಅಳಿಸಿಹೋಗುವುದೂ ಅವೇ.

ಯಾವುದು ಚೆನ್ನಾಗಿದೆ ಎಂದು ತಿಳಿಯುವುದು ಹೇಗೆ?

ದೊಡ್ಡ ಕಂಪನಿಗಳು ಇದನ್ನು ಅಂದಾಜಿಗೆ ಬಿಡುವುದಿಲ್ಲ. ಕೆಲವರಿಗೆ ಒಂದು ಐಕಾನ್, ಕೆಲವರಿಗೆ ಇನ್ನೊಂದು ತೋರಿಸಿ, ಯಾವುದರಿಂದ ಹೆಚ್ಚು ಜನ ಇನ್‌ಸ್ಟಾಲ್ ಮಾಡಿದರು ಎಂದು ಲೆಕ್ಕ ಹಾಕುತ್ತವೆ. ಗೂಗಲ್ ಈ ಸೌಲಭ್ಯವನ್ನು ಸಣ್ಣ ಡೆವಲಪರ್‌ಗಳಿಗೂ ಕೊಡುತ್ತದೆ. ಈಗಿನ ಐಕಾನ್ ಎದುರು ಮೂರು ಹೊಸ ಚಿತ್ರಗಳವರೆಗೆ ಪರೀಕ್ಷಿಸಬಹುದು. ವಾರದ ದಿನ ಮತ್ತು ರಜಾದಿನ ಎರಡೂ ಸೇರುವಂತೆ ಕನಿಷ್ಠ ಒಂದು ವಾರ ನಡೆಸುವುದು ಒಳ್ಳೆಯದು.

ಇಲ್ಲೊಂದು ಎಚ್ಚರಿಕೆ. ಸರಿಯಾದ ನಾಣ್ಯವನ್ನೇ 10 ಸಲ ಚಿಮ್ಮಿದರೂ 7 ಅಥವಾ ಅದಕ್ಕಿಂತ ಹೆಚ್ಚು ಸಲ ಹೆಡ್ ಬೀಳುವ ಸಾಧ್ಯತೆ ಸುಮಾರು ಶೇ. 17. ಹಾಗಾಗಿ ಗೆಳೆಯರ ಗುಂಪಿನಲ್ಲಿ ಹತ್ತು ಜನರನ್ನು ಕೇಳಿ, ಏಳು ಮಂದಿ ಒಪ್ಪಿದರು ಎಂದು ಐಕಾನ್ ಬದಲಿಸಬೇಡಿ.

ಗಮನಿಸಿ, ಗೂಗಲ್‌ನ ಈ ಪರೀಕ್ಷೆಯಲ್ಲಿ ಇನ್‌ಸ್ಟಾಲ್ ಮಾಡಿ ಕನಿಷ್ಠ ಒಂದು ದಿನ ಇಟ್ಟುಕೊಂಡವರ ಲೆಕ್ಕವೂ ಸಿಗುತ್ತದೆ. ಆಸೆ ಹುಟ್ಟಿಸಿ ಕರೆತಂದ ಚಿತ್ರದ ನಿಜ ಬಣ್ಣ ಬಯಲಾಗುವುದು ಅಲ್ಲಿ.

ಸೆಳೆಯುವುದು ಎಲ್ಲಿವರೆಗೆ, ಮೋಸ ಎಲ್ಲಿಂದ?

ಉತ್ಪ್ರೇಕ್ಷೆ ಹೊಸದಲ್ಲ. 1977ರಲ್ಲಿ ಬಂದ ಅಟಾರಿ 2600ರ ಡಬ್ಬಿಗಳ ಮೇಲೆ ಬಣ್ಣಬಣ್ಣದ ಸಾಹಸ ದೃಶ್ಯಗಳಿದ್ದವು. ಟಿವಿಯಲ್ಲಿ ಕಾಣುತ್ತಿದ್ದದ್ದು ಕೆಲವು ಚೌಕಗಳು. ಆದರೂ ಯಾವ ಬಗೆಯ ಆಟ ಎಂಬುದನ್ನು ಆ ಚಿತ್ರ ಹೇಳುತ್ತಿತ್ತು.

ಬೇರೆಯದೇ ಆಟ ತೋರಿಸಿದರೆ ಅದು ಬೇರೆ ಮಾತು. ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ 2020ರ ಸೆಪ್ಟೆಂಬರ್‌ನಲ್ಲಿ ಹೋಮ್‌ಸ್ಕೇಪ್ಸ್ ಮತ್ತು ಗಾರ್ಡನ್‌ಸ್ಕೇಪ್ಸ್ ಗೇಮ್‌ಗಳ ಎರಡು ಜಾಹೀರಾತುಗಳನ್ನು ತಡೆಯಿತು. ಅವು ಐಕಾನ್ ಅಲ್ಲ, ವಿಡಿಯೊ ಜಾಹೀರಾತುಗಳು. ಪಿನ್ ಎಳೆದು ಪಾರಾಗುವ ಒಗಟುಗಳನ್ನು ತೋರಿಸಿದ್ದವು. ಗೇಮ್‌ನಲ್ಲಿ ಮುಖ್ಯವಾಗಿ ಇದ್ದದ್ದು ಒಂದೇ ಬಗೆಯ ತುಣುಕುಗಳನ್ನು ಜೋಡಿಸುವ ಆಟ. ಎಲ್ಲ ಚಿತ್ರಗಳೂ ನಿಜವಾದ ಆಟದವಲ್ಲ ಎಂದು ಬರೆದಿದ್ದರೂ ಅದು ಸಾಲದು ಎಂದಿತು ಸಂಸ್ಥೆ.

ಅಂಗಡಿಗಳೂ ನಿಯಮ ತಂದಿವೆ. ನಂಬರ್ ಒನ್, ಉಚಿತ ಎಂಬಂಥ ಮಾತುಗಳನ್ನು ಐಕಾನ್‌ನಲ್ಲಿ ಹಾಕುವಂತಿಲ್ಲ ಎಂದು ಗೂಗಲ್ 2021ರಲ್ಲಿ ಹೇಳಿತು. ಸ್ಟೀಮ್ 2022ರ ಸೆಪ್ಟೆಂಬರ್ 1ರಿಂದ ಮುಖ್ಯ ಚಿತ್ರಗಳಲ್ಲಿ ವಿಮರ್ಶೆಯ ಅಂಕ, ಪ್ರಶಸ್ತಿ, ರಿಯಾಯಿತಿಯ ಬರಹವನ್ನು ನಿಲ್ಲಿಸಿತು.

ಇನ್‌ಸ್ಟಾಲ್ ಒತ್ತುವ ಮುನ್ನ

ಐಕಾನ್ ಒಂದು ಚಿತ್ರ ಅಷ್ಟೆ, ಯಾರು ಬೇಕಾದರೂ ನಕಲು ಮಾಡಬಹುದು. 2014ರ ಫೆಬ್ರವರಿಯಲ್ಲಿ ಫ್ಲಾಪಿ ಬರ್ಡ್ ಗೇಮ್ ಅನ್ನು ಅದನ್ನು ಮಾಡಿದವರೇ ಹಿಂತೆಗೆದುಕೊಂಡಾಗ, ಅದೇ ವೇಷದ ನಕಲಿ ಆ್ಯಪ್‌ಗಳು ಹುಟ್ಟಿಕೊಂಡವು. ಕೆಲವು ಗುಟ್ಟಾಗಿ ದುಬಾರಿ ಎಸ್‌ಎಂಎಸ್ ಕಳಿಸುತ್ತಿದ್ದವು.

ಆದ್ದರಿಂದ ಚಿತ್ರ ಚೆನ್ನಾಗಿದ್ದರೆ ಒತ್ತಿ ನೋಡಿ, ಆದರೆ ಇನ್‌ಸ್ಟಾಲ್ ಮಾಡುವ ಮುನ್ನ ಡೆವಲಪರ್ ಹೆಸರು, ವಯಸ್ಸಿನ ಗುರುತು, ಒಳಗೆ ಹಣ ಕೇಳುತ್ತದೆಯೇ ಎಂಬ ಸೂಚನೆ, ಕಡಿಮೆ ಅಂಕ ಕೊಟ್ಟವರ ಒಂದೆರಡು ವಿಮರ್ಶೆ ಓದಿ. ಫಾರ್ವರ್ಡ್ ಆಗಿ ಬಂದ ಎಪಿಕೆ ಫೈಲ್‌ನಲ್ಲಿ ಪರಿಚಿತ ಐಕಾನ್ ಕಂಡಿತೆಂದು ನಂಬಬೇಡಿ. ಮಕ್ಕಳ ಕೈಗೆ ಫೋನ್ ಕೊಡುವವರಿಗಂತೂ ಇದು ಒಂದು ನಿಮಿಷದ ಕೆಲಸ.