ಆರಾಮಾದ ಮೇಲೂ ಗುಳಗಿ

ಸಂಜೆಯಾದರೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮಿರ್ಚಿ, ಗಿರ್ಮಿಟ್ಟಿನ ಗಾಡಿಗಳ ಸುತ್ತ ಜನವೋ ಜನ. ಇಲ್ಲಿಯ ಯಾವ ಮನೆಯಲ್ಲೇ ಆಗಲಿ, ಮಗುವಿನ ಮಲದಲ್ಲಿ ರಕ್ತ ಕಂಡರೆ ಮೊದಲು ಬರುವ ಮಾತು, "ಮಿರ್ಚಿ ತಿಂದು ಹೀಟ್ ಆಗ್ಯಾದ." ಆಮೇಲೆ ಆಮಶಂಕೆಯ ಔಷಧ, ಅದೂ ನಾಟದಿದ್ದರೆ ಮೂಲವ್ಯಾಧಿಯ ಗುಮಾನಿ. ಹೀಗೆ ತಿಂಗಳುಗಳು ಕಳೆಯುತ್ತವೆ, ಮಗು ಸೊರಗುತ್ತದೆ. ಕೊನೆಗೆ ಕೊಲೊನೊಸ್ಕೋಪಿ ಮಾಡಿ, ಕರುಳಿನ ಚೂರು ತೆಗೆದು ಪರೀಕ್ಷಿಸಿದಾಗ ಹೆಸರು ಗೊತ್ತಾಗುತ್ತದೆ: ಅಲ್ಸರೇಟಿವ್ ಕೊಲೈಟಿಸ್.

ಇದು ಮಿರ್ಚಿಯಿಂದ ಬಂದದ್ದಲ್ಲ, ತಾಯಿಯ ಅಡುಗೆಯಿಂದಲೂ ಅಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ದೊಡ್ಡಕರುಳಿನ ಒಳಪದರದ ಮೇಲೆ ತಿರುಗಿಬಿದ್ದು ಅಲ್ಲಿ ಉರಿಯೂತ, ಹುಣ್ಣು ಉಂಟುಮಾಡುತ್ತದೆ. ಗುದನಾಳದಲ್ಲಿ ಶುರುವಾಗಿ ಮೇಲಕ್ಕೆ ಹಬ್ಬುವ ಈ ಕಾಯಿಲೆ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು ದೂರ ಹಬ್ಬಿರುತ್ತದೆ. ಹತೋಟಿಗೆ ಬರುತ್ತದೆ, ಆದರೆ ಔಷಧದಿಂದ ಬೇರುಸಮೇತ ಹೋಗುವುದಿಲ್ಲ. ಈ ಮಾತು ಮನೆಯವರ ಮನಸ್ಸಿಗೆ ಇಳಿಯುವುದೇ ಕಷ್ಟ.

ಏಕೆಂದರೆ ಮಗು ಆರಾಮಾಗುತ್ತದೆ. ರಕ್ತ ನಿಲ್ಲುತ್ತದೆ, ಹಸಿವೆ ಮರಳುತ್ತದೆ. "ಆರಾಮ ಆಗ್ಯಾನಲ್ರಿ, ಇನ್ನ ಗುಳಗಿ ಯಾಕ?" ಎಂಬ ಪ್ರಶ್ನೆ ಅಜ್ಜಿಯಿಂದಲೋ ಕಾಕಾನಿಂದಲೋ ಬಂದೇ ಬರುತ್ತದೆ. ಆ ಪ್ರಶ್ನೆಗೆ ಮಣಿದು ಗುಳಗಿ ಬಿಟ್ಟ ಮನೆಗಳಲ್ಲಿ ರೋಗ ಮತ್ತೆ ಕೆರಳುವ ಸಾಧ್ಯತೆ ಬಹಳ ಹೆಚ್ಚು. ಆರಾಮಾಗಿರುವುದು ಗುಳಗಿಯಿಂದಲೇ ಎಂದು ಆ ಹಿರಿಯರಿಗೂ ಕೂತು ತಿಳಿಹೇಳಬೇಕು.

ಸೌಮ್ಯ, ಮಧ್ಯಮ ರೋಗಕ್ಕೆ ಮೊದಲ ಔಷಧ ಮೆಸಲಮಿನ್. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 60ರಿಂದ 80 ಮಿಲಿಗ್ರಾಂ. ಮಗು ಬೆಳೆದಂತೆ ಪ್ರಮಾಣವೂ ಬದಲಾಗಬೇಕಾದ್ದರಿಂದ ಪ್ರತಿ ಭೇಟಿಯಲ್ಲೂ ತೂಕ ನೋಡಿಸಲೇಬೇಕು. ನಮ್ಮ ಮನೆಗಳಲ್ಲಿ ಗುಳಗಿ ನುಂಗದ ಮಕ್ಕಳಿಗೆ ಅದನ್ನು ಕುಟ್ಟಿ ಜೇನಿನಲ್ಲೋ ಬೆಲ್ಲದಲ್ಲೋ ಕಲಸಿ ಕೊಡುವ ರೂಢಿ ಇದೆ. ಮೆಸಲಮಿನ್ ಗುಳಗಿಗೆ ಅದು ಸಲ್ಲದು. ಅದರ ಹೊದಿಕೆ ಕರುಳಿನ ಕೆಳಭಾಗ ತಲುಪಿದ ಮೇಲೆಯೇ ಕರಗುವಂತೆ ಮಾಡಿದ್ದು. ಕುಟ್ಟಿದರೆ ಔಷಧ ಸಣ್ಣಕರುಳಿನಲ್ಲೇ ಹೀರಿಹೋಗಿ, ಹುಣ್ಣಿರುವ ಜಾಗಕ್ಕೆ ಸಾಕಷ್ಟು ತಲುಪದು. ನುಂಗಲಾಗದ ಮಗುವಿಗೆ ಪೊಟ್ಟಣದ ಹರಳುಗಳಿವೆ, ವೈದ್ಯರನ್ನು ಕೇಳಿ. ಮಲಗುವ ಮುನ್ನ ಕೊಡುವ ಎನಿಮಾ ಕೂಡ ಜೊತೆಗಿರಬಹುದು. ಮಗು ನಾಚುತ್ತದೆ, ತಾಯಿ ಅಳುಕುತ್ತಾಳೆ. ಆದರೂ ಬಾಯಿಂದ ಮಾತ್ರ ಕೊಡುವುದಕ್ಕಿಂತ ಎರಡೂ ಸೇರಿದರೆ ಗುಣ ಹೆಚ್ಚು. ಎಡಮಗ್ಗುಲಿಗೆ ಮಲಗಿಸಿ, ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಕೊಡಿ.

ಅಪರೂಪಕ್ಕೆ ಮೆಸಲಮಿನ್ನೇ ಕೆಲವರಿಗೆ ಒಗ್ಗುವುದಿಲ್ಲ. ಶುರುಮಾಡಿದ ಕೆಲವೇ ವಾರಗಳಲ್ಲಿ ಜ್ವರ ಬಂದು ರಕ್ತಭೇದಿ ಹೆಚ್ಚಾದರೆ ಅದು ರೋಗವೋ ಔಷಧವೋ ಎಂದು ಮನೆಯಲ್ಲಿ ಕೂತು ಊಹಿಸದೆ ಕೂಡಲೇ ಫೋನ್ ಮಾಡಬೇಕು. ಮೂತ್ರಪಿಂಡಕ್ಕೆ ತೊಂದರೆಯಾಗಿಲ್ಲವೆಂದು ಖಚಿತಪಡಿಸಿಕೊಳ್ಳಲು ಕ್ರಿಯಾಟಿನಿನ್ ಪರೀಕ್ಷೆ ಆಗಾಗ ಬೇಕು. ಸ್ಟೀರಾಯ್ಡ್ ಕೆರಳಿದ ರೋಗವನ್ನು ಬೇಗ ತಣಿಸುತ್ತದೆ, ಆದರೆ ದಿನನಿತ್ಯಕ್ಕಲ್ಲ. ವಾರಗಟ್ಟಲೆ ಕೊಟ್ಟದ್ದನ್ನು ಒಮ್ಮೆಗೇ ನಿಲ್ಲಿಸುವುದು ಅಪಾಯ, ಹಂತಹಂತವಾಗಿ ಇಳಿಸಬೇಕು. ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಅಜಥಿಯೋಪ್ರಿನ್ ಕೊಡುವಾಗ ಬಿಳಿರಕ್ತಕಣಗಳು ಕುಸಿಯಬಹುದು. ಎನ್‌ಯುಡಿಟಿ15 ಎಂಬ ಜೀನಿನಲ್ಲಿ ವ್ಯತ್ಯಾಸವಿದ್ದವರಲ್ಲಿ ಈ ಭಯ ಹೆಚ್ಚು, ಅದು ಭಾರತೀಯರಲ್ಲೂ ಕಂಡುಬರುತ್ತದೆ. ಅದಕ್ಕೇ ಮೊದಲು ಪದೇಪದೇ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಅಜಥಿಯೋಪ್ರಿನ್ ತೆಗೆದುಕೊಳ್ಳುತ್ತಿರುವ ಮಗುವಿಗೆ ಜ್ವರ ಬಂದರೆ ಕಾಯಬಾರದು.

ನಿಗಾ ಇಡಲು ಮನೆಯಲ್ಲೇ ಒಂದು ಒಳ್ಳೆಯ ದಾರಿಯಿದೆ. 2007ರಲ್ಲಿ ಪ್ರಕಟವಾದ ಪ್ಯೂಕಾಯ್ ಎಂಬ ಅಂಕಪಟ್ಟಿ ಕೇಳುವುದು ಆರೇ ಪ್ರಶ್ನೆ: ಹೊಟ್ಟೆನೋವು, ರಕ್ತ, ಮಲ ಎಷ್ಟು ತೆಳು, ದಿನಕ್ಕೆ ಎಷ್ಟು ಸಲ, ರಾತ್ರಿ ಎದ್ದು ಸಂಡಾಸಕ್ಕೆ ಹೋಗಬೇಕಾಯಿತೇ, ಆಟಪಾಠ ಎಂದಿನಂತಿದೆಯೇ. ಒಟ್ಟು 85 ಅಂಕಗಳಲ್ಲಿ ರಕ್ತವೊಂದಕ್ಕೇ 30ರವರೆಗೆ. 10ಕ್ಕಿಂತ ಕಡಿಮೆ ಇದ್ದರೆ ರೋಗ ಶಾಂತ. 65 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ, ಅದೇ ದಿನ ಆಸ್ಪತ್ರೆ. ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಕಿಮ್ಸ್ ಎಂದೇ ಜನ ಕರೆಯುವ ವಿದ್ಯಾನಗರದ ಆಸ್ಪತ್ರೆಯಲ್ಲಿ ತೋರಿಸಿದರೂ, ಬೆಂಗಳೂರಿನ ಮಕ್ಕಳ ಕರುಳುತಜ್ಞರಲ್ಲಿಗೆ ಹೋದರೂ ವೈದ್ಯರು ಊಹೆಯಿಂದ ಶುರುಮಾಡಬೇಕಿಲ್ಲ. ಲಕ್ಷಣವಿಲ್ಲದಾಗಲೂ ಒಳಗೆ ಉರಿಯೂತ ಹೊಗೆಯಾಡುತ್ತಿದ್ದರೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಅದನ್ನು ಹಿಡಿಯುತ್ತದೆ. ರೋಗ ಕೆರಳಿದಾಗ ಸೋಂಕು ಸೇರಿದೆಯೇ ಎಂದೂ ಮಲ ನೋಡಿಸಬೇಕು. ನಮ್ಮಲ್ಲಿ ಅಮೀಬಾ ಅಪರೂಪವೇನಲ್ಲ.

ಊಟದ ವಿಷಯದಲ್ಲಿ ಮಕ್ಕಳಿಗೆ ಅನ್ಯಾಯವಾಗುವುದನ್ನು ಕಂಡರೆ ಸಂಕಟವಾಗುತ್ತದೆ. ರೊಟ್ಟಿ ಬೇಡ, ಮೊಸರು ಬೇಡ, ಕಾಳು ಬೇಡ ಎನ್ನುತ್ತ ಅನ್ನದ ಗಂಜಿಗೆ ಇಳಿಸಿದ ಮಗು ಎತ್ತರದಲ್ಲೂ ಹಿಂದೆ ಬೀಳುತ್ತದೆ. ರೋಗ ಕೆರಳಿದ ದಿನಗಳಲ್ಲಿ ಖಾರ ಹಿಂಸೆ ಕೊಡಬಹುದು, ಆಗ ಬಿಡಲಿ. ಶಾಂತವಿದ್ದಾಗ ಮನೆಮಂದಿ ಉಣ್ಣುವುದನ್ನೇ ಉಣ್ಣಲಿ. ನೋವಿಗೆಂದು ಐಬುಪ್ರೊಫೆನ್ ಮಾತ್ರ ಅಂಗಡಿಯಿಂದ ನೀವಾಗಿ ತರಬೇಡಿ. ಶಾಲೆಗೆ ಒಂದು ಪತ್ರ ಕೊಡಿ, ಪಾಠದ ನಡುವೆ ಎದ್ದರೂ ತಡೆಯಬಾರದೆಂದು.

ಮೊದಲ ಕೊಲೊನೊಸ್ಕೋಪಿಯ ವರದಿಯನ್ನು ಜೋಪಾನವಾಗಿಡಿ. ಬಹುದೂರ ಹಬ್ಬಿದ ರೋಗದಲ್ಲಿ ವರ್ಷಗಳು ಉರುಳಿದಂತೆ ಕರುಳಿನ ಕ್ಯಾನ್ಸರಿನ ಅಪಾಯ ಏರುವುದರಿಂದ, ಶುರುವಾಗಿ ಸುಮಾರು 8ರಿಂದ 10 ವರ್ಷಕ್ಕೆ ತಪಾಸಣೆಯ ಕೊಲೊನೊಸ್ಕೋಪಿ ಆರಂಭಿಸುತ್ತಾರೆ. ಇಂದು ಹತ್ತು ವರ್ಷದ ಹುಡುಗಿ ಆಗ ಕಾಲೇಜಿನಲ್ಲಿರುತ್ತಾಳೆ, ಬೇರೆ ಊರಲ್ಲೂ ಇರಬಹುದು. ರೋಗ ಯಾವಾಗ ಶುರುವಾಯಿತು, ಎಲ್ಲಿಯವರೆಗೆ ಹಬ್ಬಿತ್ತು ಎಂದು ಅಲ್ಲಿಯ ವೈದ್ಯರು ಕೇಳಿದಾಗ ಆ ಕಾಗದ ಅವಳ ಕೈಯಲ್ಲಿರಬೇಕು.