ಮಂಜಿನ ಬೆಟ್ಟದಲ್ಲಿ ಹಿಂದಿರುಗುವ ಧೈರ್ಯ

ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಪರಿಚಯದ ಗೃಹಸ್ಥರೊಬ್ಬರು ಮನೆಗೆ ಬಂದಿದ್ದರು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗಳು ಐವರು ಗೆಳತಿಯರೊಡನೆ ಡಿಸೆಂಬರ್ ತಿಂಗಳಲ್ಲಿ ಹಿಮಾಲಯದ ಕೇದಾರಕಂಠ ಶಿಖರವನ್ನು ಏರಲು ನಿಶ್ಚಯಿಸಿದ್ದಳು. ತಾಯಿ ಬೇಡವೆನ್ನುತ್ತಿದ್ದರು, ತಂದೆಗೆ ಒಪ್ಪಲೂ ಆಗದು, ನಿರಾಕರಿಸಲೂ ಆಗದು. “ಶಾಸ್ತ್ರಿಗಳೇ, ತಾವು ಕಾಶಿಯಲ್ಲಿ ಓದುವಾಗ ಆ ಬೆಟ್ಟಗಳನ್ನು ಚಳಿಗಾಲದಲ್ಲಿಯೇ ಕಂಡವರು. ಅವಳಿಗೆ ಏನು ಹೇಳಲಿ, ತಾವೇ ತಿಳಿಸಿ” ಎಂದರು.

ಇಂತಹ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ ಹುಟ್ಟಿರಬೇಕು. ಉತ್ತರಕಾಶಿ ಜಿಲ್ಲೆಯ ಸಾಂಕ್ರಿ ಗ್ರಾಮದಿಂದ ಹೊರಟು, ಸುಮಾರು 12,500 ಅಡಿ ಎತ್ತರದ ಕೇದಾರಕಂಠವನ್ನು ಹಿಮ ತುಂಬಿದ ಕಾಲದಲ್ಲಿಯೇ ಏರಬೇಕೆಂದು ನಾಡಿನ ನಾನಾ ಕಡೆಗಳಿಂದ ತರುಣ ತರುಣಿಯರು ಹೋಗುತ್ತಾರೆ. ಹೋಗಬೇಡಿರೆಂದು ಹೇಳುವ ಅಧಿಕಾರ ನನಗಿಲ್ಲ. ಅವರ ವಯಸ್ಸಿನಲ್ಲಿ ನಾನೂ ಹೋದವನೇ. ಆದರೆ ಹೋಗಿ ನಾನು ಮಾಡಿದ ತಪ್ಪೊಂದನ್ನು ಹೇಳುವ ಋಣ ನನ್ನ ಮೇಲಿದೆ.

ತುಂಗನಾಥದ ಆ ಮಧ್ಯಾಹ್ನ

1980ರ ದಶಕದ ಆರಂಭದ ಮಾತು. ಕಾಶಿಯಲ್ಲಿ ವ್ಯಾಸಂಗ ಮಾಡುತ್ತಿದ್ದ ನಾವು ನಾಲ್ವರು ಸಹಪಾಠಿಗಳು ಡಿಸೆಂಬರ್ ಕೊನೆಯಲ್ಲಿ ಉಖೀಮಠಕ್ಕೆ ಹೋದೆವು. ಕೇದಾರನಾಥ ದೇವಾಲಯದ ಬಾಗಿಲನ್ನು ದೀಪಾವಳಿಯ ಬಳಿಕ ಯಮದ್ವಿತೀಯೆಯಂದು ಮುಚ್ಚಿ, ಉತ್ಸವಮೂರ್ತಿಯನ್ನು ಡೋಲಿಯಲ್ಲಿ ಉಖೀಮಠದ ಓಂಕಾರೇಶ್ವರ ದೇವಾಲಯಕ್ಕೆ ಇಳಿಸಿ ತರುವುದು ರೂಢಿ. ಚಳಿಗಾಲದ ಪೂಜೆಯೆಲ್ಲ ಅಲ್ಲಿಯೇ. ಕೇದಾರದ ರಾವಲರು ಪರಂಪರೆಯಿಂದ ದಕ್ಷಿಣದ ವೀರಶೈವ ಜಂಗಮರಾದುದರಿಂದ ಆ ದೂರದ ಊರಿನಲ್ಲಿಯೂ ನಮಗೆ ಪರದೇಶವೆನಿಸಲಿಲ್ಲ.

ದರ್ಶನ ಮುಗಿಸಿ ಹಿಂದಿರುಗಬೇಕಾದವರು, ಯೌವನದ ಹುರುಪಿನಲ್ಲಿ ಚೋಪ್ತಾಕ್ಕೆ ಹೋಗಿ ತುಂಗನಾಥದ ಬೆಟ್ಟ ಹತ್ತಿದೆವು. ತುಂಗನಾಥ ದೇವಾಲಯವಿರುವುದು 3,600 ಮೀಟರಿಗೂ ಮಿಗಿಲಾದ ಎತ್ತರದಲ್ಲಿ. ಚಳಿಗಾಲದಲ್ಲಿ ಅದೂ ಮುಚ್ಚಿರುತ್ತದೆ. ಆ ದೇವರಿಗೆ ಮಕ್ಕುಮಠದಲ್ಲಿ ಪೂಜೆ. ಚೋಪ್ತಾದ ಚಹದ ಅಂಗಡಿಯ ಮುದುಕ ನಮ್ಮ ಹತ್ತಿ ಧೋತರ, ಕ್ಯಾನ್ವಾಸ್ ಬೂಟು, ಒಂದೊಂದು ಶಾಲು ನೋಡಿ ತಲೆಯಾಡಿಸಿದ. “ಮೋಡ ಕಣಿವೆಯಿಂದ ಮೇಲೇಳುವುದನ್ನು ಕಂಡರೆ, ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿಬಿಡಿ” ಎಂದ.

ಹನ್ನೊಂದು ಗಂಟೆಗೆ ಗುಡಿಯ ಬಳಿ ಸೇರಿದೆವು. ಆಗಲೇ ನಮ್ಮಲ್ಲೊಬ್ಬನಿಗೆ ತಲೆನೋವು, ಓಕರಿಕೆ. ಕೆಳಗೆ ಕಣಿವೆಯಲ್ಲಿ ಮೋಡ ಏಳುತ್ತಿತ್ತು. ಆದರೆ ಚಂದ್ರಶಿಲೆಯ ನೆತ್ತಿ ಇನ್ನೊಂದೂವರೆ ಕಿಲೋಮೀಟರ್ ಅಷ್ಟೇ! “ನೀನು ಇಲ್ಲೇ ಗೋಡೆಯ ಮರೆಯಲ್ಲಿ ಕುಳಿತಿರು, ಒಂದು ಗಂಟೆಯಲ್ಲಿ ಬಂದುಬಿಡುತ್ತೇವೆ” ಎಂದು ಗೆಳೆಯನನ್ನು ಬಿಟ್ಟು ಮೂವರು ಮೇಲೆ ನಡೆದೆವು. ಆ ಮಾತನ್ನು ಹೇಳಿದವನು ನಾನೇ.

ಅರ್ಧ ದಾರಿಯಲ್ಲಿ ಮೋಡ ನಮ್ಮನ್ನು ನುಂಗಿತು. ಹಿಮ ಬೀಳತೊಡಗಿತು. ಚಾಚಿದ ಕೈಯ ಬೆರಳು ಕಾಣುತ್ತಿತ್ತು, ಮುಂದಿನವನ ಬೆನ್ನು ಕಾಣುತ್ತಿರಲಿಲ್ಲ. ಹಿಂದಿರುಗೋಣವೆಂದರೆ ನಮ್ಮ ಹೆಜ್ಜೆಗಳೇ ಮುಚ್ಚಿಹೋಗಿದ್ದವು. ಇಳಿಜಾರು ಯಾವ ಕಡೆ, ಪ್ರಪಾತ ಯಾವ ಕಡೆ ತಿಳಿಯದೆ ಎರಡು ಗಂಟೆ ತಡಕಾಡಿದೆವು. ಕೊನೆಗೆ ಎಲ್ಲಿಂದಲೋ ಟಣ್ ಟಣ್ ಎಂಬ ಸದ್ದು ಕೇಳಿಸಿತು. ನಾವು ಬಿಟ್ಟುಬಂದ ಗೆಳೆಯ ತನ್ನ ಹಿತ್ತಾಳೆಯ ತಂಬಿಗೆಯನ್ನು ಕಲ್ಲಿನಿಂದ ಬಡಿಯುತ್ತಿದ್ದ. ಆ ಸದ್ದು ಹಿಡಿದು ಇಳಿದುಬಂದೆವು.

ನಾವು ಮುಟ್ಟುವ ವೇಳೆಗೆ ಅವನ ಮಾತು ತೊದಲುತ್ತಿತ್ತು. ಬೆರಳುಗಳು ತಂಬಿಗೆಯನ್ನು ಬಿಡಲಾರದಷ್ಟು ಸೆಟೆದಿದ್ದವು. ಇಬ್ಬರು ಹೆಗಲು ಕೊಟ್ಟು ಕತ್ತಲಾಗುವ ಮೊದಲು ಚೋಪ್ತಾಕ್ಕೆ ಇಳಿಸಿದೆವು. ಮುದುಕ ನಮ್ಮನ್ನು ಬೈಯಲಿಲ್ಲ. ಅವನ ಒದ್ದೆ ಬಟ್ಟೆ ಬಿಚ್ಚಿಸಿ, ಕಂಬಳಿಗಳಲ್ಲಿ ಸುತ್ತಿ, ಮೈ ತುಸು ಬೆಚ್ಚಗಾದ ಮೇಲೆ ಸಕ್ಕರೆ ಹೆಚ್ಚಾಗಿ ಹಾಕಿದ ಚಹವನ್ನು ಗುಟುಕು ಗುಟುಕಾಗಿ ಕುಡಿಸಿದ. ಕೈಕಾಲು ತಿಕ್ಕಲು ಹೋದ ನನ್ನನ್ನು ತಡೆದ. ಗೆಳೆಯ ಉಳಿದ. ಇಂದಿಗೂ ನಾವು ಸೇರಿದಾಗ ಅವನು ಆ ಪ್ರಸಂಗವನ್ನು ನಗುತ್ತಲೇ ಹೇಳುತ್ತಾನೆ. ಉಳಿದ ಮೂವರಿಗೂ ಅವನೊಡನೆ ನಗಲು ಆಗುವುದಿಲ್ಲ.

ಕಣ್ಣು ಸೋತಾಗ ನಡೆಯುವುದೇನು?

ಅಂದು ನಮಗಾದುದು ಏನೆಂಬುದನ್ನು ಅನಂತರ ಓದಿ ತಿಳಿದೆ. ನೆಲದ ಹಿಮವೂ ಆಕಾಶದ ಮೋಡವೂ ಒಂದೇ ಬಿಳುಪಾದಾಗ ನೆರಳು ಅಳಿಯುತ್ತದೆ, ದಿಗಂತ ಅಳಿಯುತ್ತದೆ, ಏರು-ತಗ್ಗುಗಳ ಭೇದವೂ ಅಳಿಯುತ್ತದೆ. ಪರ್ವತಾರೋಹಿಗಳು ಇದನ್ನು ‘ವೈಟ್‌ಔಟ್’ ಎನ್ನುತ್ತಾರೆ. ಹೀಗೆ ಗುರುತು ತಪ್ಪಿದ ಮನುಷ್ಯ ತಾನು ನೇರವಾಗಿ ನಡೆಯುತ್ತಿದ್ದೇನೆಂದು ನಂಬಿಯೇ ಸುತ್ತು ಹಾಕುತ್ತಾನೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2009ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು: ಸೂರ್ಯ ಕಾಣದ ಕಾಡಿನಲ್ಲಿ ಜನ ತಿಳಿಯದೆ ವೃತ್ತಾಕಾರವಾಗಿ ನಡೆದರು, ಕಣ್ಣು ಕಟ್ಟಿದಾಗ ಕೆಲವರು ಸುತ್ತಿದ ವೃತ್ತದ ವ್ಯಾಸ ಇಪ್ಪತ್ತು ಮೀಟರ್ ಮಾತ್ರ.

ಮಂಜಿನ ಜೊತೆಗೆ ಚಳಿ. ಒಂದು ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಗಾಳಿ ಬೀಸಿದರೆ ಇನ್ನೂ ಕಠಿಣ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಸೇರಿದರೆ, ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ ಇಪ್ಪತ್ತೊಂದು ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಇಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಮೊದಲು ನಡುಕ, ಬಳಿಕ ಮಾತು ತೊದಲು, ಕಾಲು ತೊಡರು, ಬುದ್ಧಿ ಮಂಕು. ಒಂದು ಹಂತದಲ್ಲಿ ನಡುಕವೇ ನಿಂತುಬಿಡುತ್ತದೆ. ಅದು ಚೇತರಿಕೆಯಲ್ಲ, ಅಪಾಯ ಹೆಚ್ಚಿದ ಸೂಚನೆ. ಆ ಸ್ಥಿತಿಯಲ್ಲಿರುವವನು “ನನಗೇನೂ ಆಗಿಲ್ಲ” ಎಂದೇ ಹೇಳುತ್ತಾನೆ. ಅವನ ಸ್ಥಿತಿಯನ್ನು ಅವನಿಗಿಂತ ಮೊದಲು ಅರಿಯಬೇಕಾದವರು ಪಕ್ಕದಲ್ಲಿರುವ ಸ್ನೇಹಿತರು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ?

ನಮ್ಮ ನಾಡಿನವರ ಕಣ್ಣೀರು

2024ರ ಜೂನ್ 3ನೆಯ ತಾರೀಖನ್ನು ಕನ್ನಡಿಗರು ಮರೆಯಲಾಗದು. ಕರ್ನಾಟಕದಿಂದ ಹೋದ 22 ಮಂದಿಯ ಚಾರಣ ತಂಡವೊಂದು ಉತ್ತರಾಖಂಡದ ಸಹಸ್ರತಾಲ್ ಸರೋವರವನ್ನು ನೋಡಿ ಶಿಬಿರಕ್ಕೆ ಮರಳುತ್ತಿತ್ತು. ಆ ಸ್ಥಳ ಸುಮಾರು 4,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒಂದೊಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ನೂರಕ್ಕೆ ಅರುವತ್ತು ಪಾಲಿನಷ್ಟು. ದಾರಿಯಲ್ಲಿ ಹಿಮಗಾಳಿ ಎದ್ದಿತು, ದಾರಿ ಕಾಣದಾಯಿತು, ರಾತ್ರಿಯನ್ನು ಬಯಲಿನಲ್ಲಿಯೇ ಕಳೆಯಬೇಕಾಯಿತು. ಒಂಬತ್ತು ಮಂದಿ ಅಸುನೀಗಿದರು. ಉಳಿದ ಹದಿಮೂವರನ್ನು ರಕ್ಷಣಾ ಪಡೆಗಳು ಹಾಗೂ ಹೆಲಿಕಾಪ್ಟರುಗಳು ಕೆಳಗೆ ತಂದವು. ತಂಡದಲ್ಲಿ ವಯಸ್ಸಾದ, ಬೆಟ್ಟಗಳನ್ನು ಬಲ್ಲ ಚಾರಣಿಗರೂ ಇದ್ದರು. ಮೈದಾನದಲ್ಲಿ ಅದು ಬೇಸಿಗೆ. ಆ ಎತ್ತರದಲ್ಲಿ ಕೆಲವೇ ಗಂಟೆಗಳಲ್ಲಿ ಚಳಿಗಾಲವಾಯಿತು.

ಅದಕ್ಕೂ ಹತ್ತು ವರ್ಷ ಹಿಂದೆ, 2014ರ ಅಕ್ಟೋಬರ್ 12ರಂದು, ‘ಹುಡ್‌ಹುಡ್’ ಚಂಡಮಾರುತ ವಿಶಾಖಪಟ್ಟಣದ ತೀರಕ್ಕೆ ಅಪ್ಪಳಿಸಿತು. ಅದರ ಉಳಿದ ತೇವವೇ ಎರಡು ದಿನಗಳ ಬಳಿಕ ನೇಪಾಳದ ಅನ್ನಪೂರ್ಣ ಪ್ರದೇಶದಲ್ಲಿ ಭಾರಿ ಹಿಮಪಾತವಾಗಿ ಸುರಿಯಿತು. 5,416 ಮೀಟರ್ ಎತ್ತರದ ಥೊರೊಂಗ್ ಲಾ ಕಣಿವೆಮಾರ್ಗದ ಆಸುಪಾಸಿನಲ್ಲಿ ನಲವತ್ತಕ್ಕೂ ಹೆಚ್ಚು ಜನ ಮಡಿದರು. ಸಮುದ್ರದ ಬಿರುಗಾಳಿ ಪರ್ವತದಲ್ಲಿ ಹಿಮವಾದೀತೆಂದು ನಡೆಯುವವನಿಗೆ ಹೇಗೆ ಹೊಳೆಯಬೇಕು? ಹೊರಡುವ ಮುನ್ನ ಹವಾಮಾನದ ವರದಿ ಕೇಳುವುದು ಆದುದರಿಂದಲೇ ಅವಶ್ಯ.

ಅಳಿದವರ ತಪ್ಪು ಹುಡುಕಲು ಇದನ್ನು ಬರೆಯುತ್ತಿಲ್ಲ. ಅದೇ ತಪ್ಪನ್ನು ಮಾಡಿ ಉಳಿದವನು ನಾನು. ಅಂತಹ ಮಾತಾಡುವ ಬಾಯಿ ನನ್ನದಲ್ಲ.

ಹೋಗುವವರಿಗೆ, ಕಳುಹಿಸುವವರಿಗೆ

ಹೋಗುವ ಮಕ್ಕಳು ಕೆಲವು ವಿಷಯಗಳನ್ನು ನೆನಪಿನಲ್ಲಿಡಬೇಕು. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ಒದ್ದೆಯಾದ ಹತ್ತಿ ಮೈಯ ಕಾವನ್ನು ಕದಿಯುತ್ತದೆ, ಉಣ್ಣೆ ಒದ್ದೆಯಾದರೂ ಕೊಂಚ ಕಾಯುತ್ತದೆ. ಗಾಳಿ ಮತ್ತು ನೀರು ತಡೆಯುವ ಮೇಲಂಗಿ, ಟಾರ್ಚು, ಸೀಟಿ ಪ್ರತಿಯೊಬ್ಬರ ಬಳಿಯೂ ಇರಲಿ. ನಮ್ಮನ್ನು ಉಳಿಸಿದ ತಂಬಿಗೆಯ ಕೆಲಸವನ್ನು ಈಗ ಸೀಟಿ ಮಾಡುತ್ತದೆ. ಮೊಬೈಲು ಚಳಿಗೆ ಬೇಗ ಸೊರಗುತ್ತದೆ, ಅದೊಂದನ್ನೇ ನಂಬಬಾರದು. ಚಳಿಗೆಂದು ಮದ್ಯ ಸೇವಿಸುವುದಂತೂ ಮೃತ್ಯುವಿಗೆ ಕೊಟ್ಟ ಆಹ್ವಾನ. ಅದು ಚರ್ಮವನ್ನು ಬೆಚ್ಚಗಾಗಿಸಿ ಒಳಗಿನ ಕಾವನ್ನು ಹೊರಗೆ ಹಾಕುತ್ತದೆ. ತಲೆನೋವು, ವಾಂತಿ ಕಂಡವರು ಮೇಲೆ ಹೋಗಕೂಡದು. ಕಡಿಮೆಯಾಗದಿದ್ದರೆ ಕೆಳಗಿಳಿಯುವುದೇ ಔಷಧ.

ಇವೆಲ್ಲಕ್ಕಿಂತ ಮುಖ್ಯವಾದ ನಿಯಮಗಳು ಎರಡು. ಇಷ್ಟು ಗಂಟೆಯಾದೊಡನೆ, ಶಿಖರ ಎಷ್ಟೇ ಸಮೀಪವಿದ್ದರೂ ತಿರುಗುತ್ತೇವೆಂದು ಕೆಳಗೇ ಎಲ್ಲರೂ ಸೇರಿ ನಿಶ್ಚಯಿಸಬೇಕು. ಮೇಲೆ ಹೋದ ಬಳಿಕ ಆಸೆ ಲೆಕ್ಕ ತಪ್ಪಿಸುತ್ತದೆ. ಎರಡನೆಯದು, ತಂಡದ ವೇಗವೆಂದರೆ ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ವೇಗ. ಒಬ್ಬನನ್ನು ಕೂರಿಸಿ ಉಳಿದವರು ಹೋಗುವುದು ಸ್ನೇಹವಲ್ಲ.

ಮನೆಯ ಹಿರಿಯರಿಗೂ ಒಂದು ಬಿನ್ನಹ. ಮಕ್ಕಳು ಮರಳಿದಾಗ “ತುದಿ ಮುಟ್ಟಿದೆಯಾ?” ಎಂದು ಮೊದಲು ಕೇಳುವವರು ನಾವೇ. ಇಷ್ಟು ಹಣ ಖರ್ಚು ಮಾಡಿ ಅರ್ಧಕ್ಕೆ ಬಂದೆಯಾ ಎಂದು ಹಾಸ್ಯ ಮಾಡುವವರೂ ನಾವೇ. ಆ ಹಾಸ್ಯದ ಭಯ ಮಂಜಿನಲ್ಲಿ ನಿಂತ ಹುಡುಗನ ಕಾಲನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ತಳ್ಳುತ್ತದೆ. ಹಿಂದಿರುಗಿ ಬಂದವರನ್ನು ಗೆದ್ದು ಬಂದವರಂತೆಯೇ ಬರಮಾಡಿಕೊಳ್ಳುವ ಮನೆ ಇದೆಯೆಂಬ ನಂಬಿಕೆ ಅವರ ಜೋಳಿಗೆಯಲ್ಲಿರಲಿ.

ಆ ಗೃಹಸ್ಥರಿಗೆ ನಾನು ಹೇಳಿದ್ದು ಇಷ್ಟೇ. ಮಗಳು ಹೋದಳು. ಮೇಲಿನ ಶಿಬಿರದಲ್ಲಿ ಅವರೊಳಗೊಬ್ಬಳಿಗೆ ತಲೆ ಸುತ್ತು ಬಂದು, ಬೆಳಗಿನ ಜಾವ ಹಿಮವೂ ಸುರಿಯತೊಡಗಿದಾಗ, ಆರು ಮಂದಿಯೂ ಕೂಡಿ ಇಳಿದುಬಂದರಂತೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು ಬಂದವಳು, “ಶಿಖರ ಕಾಣಲಿಲ್ಲ, ಅಜ್ಜಾ” ಎಂದು ತುಸು ಸಂಕೋಚದಿಂದಲೇ ಹೇಳಿದಳು.

“ಚಳಿಗಾಲದಲ್ಲಿ ಕೇದಾರೇಶ್ವರನೇ ಕೆಳಗಿಳಿದು ಬರುತ್ತಾನಲ್ಲ ಮಗಳೇ, ನೀನು ಇಳಿದರೆ ನಾಚಿಕೆಯೇಕೆ?” ಎಂದೆ. ಬೇಸಿಗೆಯಲ್ಲಿ ಅವನು ಮತ್ತೆ ಮೇಲೇರುತ್ತಾನೆ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.